ಚುನಾವಣೆಯ ಹಿಂದಿನ ಭಾನುವಾರ ವಿಶ್ವಾಸಿಗಳ ಪ್ರಾರ್ಥನೆ ಬರೆಯುವುದು ಹೇಗೆ? ಚರ್ಚಿನ ವಾಟ್ಸಾಪ್ ಗುಂಪನ್ನು ಏನು ಮಾಡುವುದು?

ಗುರಿಕಾರ_ಮಂಜೇಶ್ವರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಒಂದು ಸಣ್ಣ ಕಥೋಲಿಕ ಚರ್ಚಿನ ವಿಷಯ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ವಿಲ್ಲೇಜ್ ಆಫೀಸಿನಲ್ಲಿ ಮಲಯಾಳ ಎನ್ನುವ ಜನ ನಾವು. ಕನ್ನಡ ಪೂಜೆಗೆ ವಿಶ್ವಾಸಿಗಳ ಪ್ರಾರ್ಥನೆ (ವಾಚಕರು ಒಂದೊಂದು ಕೋರಿಕೆ ಓದಿದ ಮೇಲೆ ಜನರೆಲ್ಲ ಒಟ್ಟಿಗೆ ಉತ್ತರ ಹೇಳುವುದು) ಬರೆದು ಓದಿಸುವ ಜವಾಬ್ದಾರಿ ಚರ್ಚಿನ ವಾರ್ಡುಗಳಿಗೆ ಸರದಿಯಂತೆ ಬರುತ್ತದೆ. ಈ ಸಲ ಚುನಾವಣೆಯ ಹಿಂದಿನ ಭಾನುವಾರ ನಮ್ಮ ವಾರ್ಡಿನ ಸರದಿ.

ಹಿಂದಿನ ಚುನಾವಣೆ ಸಮಯದಲ್ಲಿ ಓದಿದ ಒಂದು ಪ್ರಾರ್ಥನೆ ಹೀಗಿತ್ತು: "ಓ ಪ್ರಭುವೇ, ಭ್ರಷ್ಟ ಆಡಳಿತವನ್ನು ಕಿತ್ತೊಗೆದು ಅಭಿವೃದ್ಧಿಯ ಬೆಳಕನ್ನು ತರುವ ನಾಯಕರನ್ನು ಆರಿಸುವ ಸದ್ಬುದ್ಧಿಯನ್ನು ನಮ್ಮ ಮತದಾರರಿಗೆ ದಯಪಾಲಿಸಬೇಕೆಂದು ಪ್ರಾರ್ಥಿಸೋಣ." ಅರ್ಧ ಚರ್ಚು ಉತ್ತರವನ್ನೇ ಹೇಳಲಿಲ್ಲ. ಮಧ್ಯಾಹ್ನದೊಳಗೆ ವಾಟ್ಸಾಪ್ ಗುಂಪಿನಲ್ಲಿ ಜಗಳ ಶುರುವಾಯಿತು. ಅದರ ಅಡಿಯಲ್ಲಿ ಒಂದು ಮರಣದ ಸುದ್ದಿ ಸಿಕ್ಕಿಹಾಕಿಕೊಂಡು ಎಷ್ಟೋ ಮಂದಿಗೆ ಅಂತ್ಯಕ್ರಿಯೆಯ ಸಮಯವೇ ಗೊತ್ತಾಗಲಿಲ್ಲ.

ಕೇಳುವುದು ಇಷ್ಟು. ಪಕ್ಷ ಬಾರದ ಹಾಗೆ, ಆದರೆ ಸಪ್ಪೆಯೂ ಆಗದ ಹಾಗೆ ಪ್ರಾರ್ಥನೆ ಬರೆಯುವುದು ಹೇಗೆ? ಗುಂಪಿನಲ್ಲಿ ರಾಜಕೀಯ ಫಾರ್ವರ್ಡ್ ನಿಲ್ಲಿಸಬೇಕಾದರೆ ಏನು ಮಾಡಬೇಕು, ಅಡ್ಮಿನ್ ಮೇಲೆ ಕೇಸು ಬೀಳುತ್ತದೆ ಅನ್ನುವುದು ನಿಜವಾ? ಪೂಜೆ ಮುಗಿಯುವಾಗ ಅಭ್ಯರ್ಥಿ ಬಂದು "ಎರಡು ಮಾತು" ಅಂದರೆ ಮೈಕ್ ಕೊಡಬಹುದಾ? "ರಾಜಕೀಯವೇ ಬೇಡ, ಆ ವಾರ ಚುನಾವಣೆಯ ಸುದ್ದಿಯನ್ನೇ ಎತ್ತಬೇಡಿ" ಎನ್ನುವವರೂ ನಮ್ಮಲ್ಲಿ ಇದ್ದಾರೆ. ಅದು ಸರಿಯಾ?

---

ವಾಚನಪೀಠ:

ಗುರಿಕಾರರೇ, ಮೊದಲ ಮತ್ತು ಕೊನೆಯ ಪ್ರಶ್ನೆಗೆ ಮಾತ್ರ ಬರೆಯುತ್ತೇನೆ. ಉಳಿದದ್ದನ್ನು ಬಲ್ಲವರು ಹೇಳಲಿ.

ಚುನಾವಣೆಯ ಸುದ್ದಿ ಎತ್ತಬೇಡಿ ಎನ್ನುವವರಿಗೆ ಉತ್ತರ ಪೂಜಾಗ್ರಂಥದಲ್ಲೇ ಉಂಟು. ವಿಶ್ವಾಸಿಗಳ ಪ್ರಾರ್ಥನೆ ಹಳೆಯ ಕಾಲದಲ್ಲಿ ಇದ್ದದ್ದು, ಮಧ್ಯದಲ್ಲಿ ಬಿಟ್ಟುಹೋಯಿತು. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಅದನ್ನು ಮತ್ತೆ ತರಲು ಹೇಳಿತು. ರೋಮನ್ ಪೂಜಾಗ್ರಂಥದ ಸಾಮಾನ್ಯ ಸೂಚನೆಯ 70ನೇ ಅಂಶ ಅದಕ್ಕೊಂದು ಕ್ರಮ ಕೊಟ್ಟಿದೆ: ಮೊದಲು ಧರ್ಮಸಭೆಯ ಅಗತ್ಯ, ನಂತರ ಆಡಳಿತ ನಡೆಸುವವರು ಮತ್ತು ಇಡೀ ಲೋಕ, ಆಮೇಲೆ ಕಷ್ಟದಲ್ಲಿರುವವರು, ಕೊನೆಗೆ ನಮ್ಮ ಊರಿನ ಸಮುದಾಯ. ಅಂದರೆ ಆಳುವವರಿಗಾಗಿ ಪ್ರಾರ್ಥಿಸುವುದು ಚುನಾವಣೆ ಬಂದಾಗ ತೆಗೆದಿಡುವ ವಿಶೇಷವಲ್ಲ, ಭಾನುವಾರದ ಪೂಜೆಯಲ್ಲಿ ಸಾಮಾನ್ಯವಾಗಿ ಇರಬೇಕಾದ ಎರಡನೇ ಪ್ರಾರ್ಥನೆ. ಬೇರೆ ವಾರಗಳಲ್ಲಿ ಅದನ್ನು ಬಿಟ್ಟು ಚುನಾವಣೆಯ ವಾರ ಮಾತ್ರ ಓದಿದರೆ ಜನರಿಗೆ ಸಂಶಯ ಬಾರದೆ ಇರುತ್ತದಾ?

71ನೇ ಅಂಶ ಶೈಲಿಯ ಬಗ್ಗೆ. ಸಂಯಮ ಇರಲಿ, ಮಾತು ಕಡಿಮೆ ಇರಲಿ, ಇಡೀ ಸಮುದಾಯದ ಪ್ರಾರ್ಥನೆ ಆಗಿರಲಿ. ನೀವು ಕೊಟ್ಟ ವಾಕ್ಯ ಈ ಮೂರರಲ್ಲೂ ಸೋಲುತ್ತದೆ. ಎಲ್ಲಿ ಅಂತ ಬಿಡಿಸಿ ನೋಡುವ.

ಮೊದಲನೆಯದು ವ್ಯಾಕರಣ. "ಓ ಪ್ರಭುವೇ" ಅಂತ ದೇವರ ಕಡೆ ಮುಖಮಾಡಿ ಶುರುವಾದ ವಾಕ್ಯ "ಪ್ರಾರ್ಥಿಸೋಣ" ಅಂತ ಜನರ ಕಡೆ ತಿರುಗಿ ಮುಗಿಯುತ್ತದೆ. ಕನ್ನಡ ಪೂಜೆಗಳಲ್ಲಿ ತುಂಬಾ ಕಡೆ ಕೇಳುವ ತಪ್ಪು ಇದು. ವಾಚಕರು ಹೇಳುವುದು ಜನರಿಗೆ ಕೊಡುವ ಕರೆ: ಇಂಥವರಿಗಾಗಿ ಪ್ರಾರ್ಥಿಸೋಣ. ದೇವರನ್ನು ನೇರ ಸಂಬೋಧಿಸುವುದು ಜನರ ಉತ್ತರದಲ್ಲಿ ಮತ್ತು ಕೊನೆಗೆ ಧರ್ಮಗುರುಗಳು ಹೇಳುವ ಪ್ರಾರ್ಥನೆಯಲ್ಲಿ. ಈ ಎರಡನ್ನು ಕಲಸಿದಾಗ ದೇವರ ಹೆಸರು ಹಿಡಿದು ಜನರಿಗೆ ಬುದ್ಧಿ ಹೇಳುವ ವಾಕ್ಯ ಹುಟ್ಟುತ್ತದೆ. ಉತ್ತರ ಹೇಳದೆ ಇದ್ದವರು ಅದನ್ನೇ ಗುರುತಿಸಿದ್ದು.

ಎರಡನೆಯದು ಶಬ್ದ. "ಕಿತ್ತೊಗೆ" ಮೆರವಣಿಗೆಯ ಶಬ್ದ. "ಅಭಿವೃದ್ಧಿಯ ಬೆಳಕು" ಕರಪತ್ರದ್ದು. ಬರೆದವರಿಗೆ ಕೆಟ್ಟ ಮನಸ್ಸು ಇರಲಿಕ್ಕಿಲ್ಲ, ಎರಡು ತಿಂಗಳಿಂದ ಕಿವಿಗೆ ಬಿದ್ದದ್ದು ಪೆನ್ನಿಗೆ ಇಳಿದಿರಬೇಕು. ಇದಕ್ಕೊಂದು ಉಪಾಯ: ಕರಡು ಬರೆದ ನಂತರ ಚರ್ಚಿನಿಂದ ಬಸ್‌ಸ್ಟ್ಯಾಂಡಿನವರೆಗೆ ಗೋಡೆಬರಹ, ಫ್ಲೆಕ್ಸ್ ಎಲ್ಲ ಓದಿಕೊಂಡು ನಡೆಯಿರಿ. ಅಲ್ಲಿ ಕಂಡ ಯಾವ ಶಬ್ದ ನಿಮ್ಮ ಕಾಗದದಲ್ಲಿಯೂ ಉಂಟೋ ಅದನ್ನು ಹೊಡೆದುಹಾಕಿ. ಬದಲಾವಣೆ, ಗ್ಯಾರಂಟಿ, ಸುರಕ್ಷೆ, ಭದ್ರತೆ, ಅಭಿವೃದ್ಧಿ ಇವೆಲ್ಲ ಒಳ್ಳೆಯ ಶಬ್ದಗಳೇ. ಆದರೆ ಆ ತಿಂಗಳು ಒಂದೊಂದಕ್ಕೂ ಒಂದೊಂದು ಚಿಹ್ನೆ ಅಂಟಿಕೊಂಡಿರುತ್ತದೆ.

ಮೂರನೆಯದು ವಾಕ್ಯದ ಉದ್ದ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ "ಕಿತ್ತೊಗೆದು... ತರುವ... ಆರಿಸುವ..." ಅಂತ ಒಂದಕ್ಕೊಂದು ಪೋಣಿಸಿದರೆ ಯಾರಿಗಾಗಿ ಪ್ರಾರ್ಥಿಸುತ್ತಿದ್ದೇವೆ ಅಂತ ಕೇಳುವವರಿಗೆ ಗೊತ್ತಾಗುವಾಗ ವಾಕ್ಯವೇ ಮುಗಿದಿರುತ್ತದೆ. ಅದಕ್ಕೆ "ಯಾರಿಗಾಗಿ" ಎಂಬುದನ್ನು ಮೊದಲು ಹೇಳಿ, ಒಂದು ಉಸಿರು ನಿಲ್ಲಿಸಿ, "ಏನನ್ನು" ಎಂಬುದನ್ನು ಆಮೇಲೆ ಹೇಳಿ. ಹೀಗೆ:

"ಈ ವಾರ ಮತ ಹಾಕುವವರು, ಕಣದಲ್ಲಿರುವ ಎಲ್ಲ ಅಭ್ಯರ್ಥಿಗಳು, ಬೂತುಗಳಲ್ಲಿ ದುಡಿಯುವ ಸಿಬ್ಬಂದಿ, ಇವರೆಲ್ಲರಿಗಾಗಿ. ಯಾರೂ ಹೆದರದೆ, ಯಾರನ್ನೂ ಹೆದರಿಸದೆ, ದುಡ್ಡಿಗೆ ಬಾಗದೆ, ಮನಸ್ಸಾಕ್ಷಿಯಂತೆ ನಡೆದುಕೊಳ್ಳಲಿ ಎಂದು ಪ್ರಾರ್ಥಿಸೋಣ."

ಇಪ್ಪತ್ತು ಶಬ್ದಗಳ ಆಸುಪಾಸು. ಇದಕ್ಕಿಂತ ಹೆಚ್ಚು ಬೇಡ. ಒಟ್ಟು ಐದು ಪ್ರಾರ್ಥನೆ ಸಾಕು. ಪ್ರತಿಯೊಂದರ ನಂತರ ಉತ್ತರಕ್ಕೆ ಮೊದಲು ಮೂರ್ನಾಲ್ಕು ಸೆಕೆಂಡು ಮೌನ ಬಿಡಿ. ಹೆಚ್ಚಿನ ಚರ್ಚುಗಳಲ್ಲಿ ಈ ಮೌನವನ್ನೇ ನುಂಗಿಬಿಡುತ್ತಾರೆ. ಪ್ರಾರ್ಥನೆ ನಡೆಯಬೇಕಾದದ್ದು ಅಲ್ಲಿ.

ಸಪ್ಪೆ ಆಗುವುದರ ಬಗ್ಗೆ ಕೇಳಿದ್ದೀರಿ. "ದೇಶದಲ್ಲಿ ಶಾಂತಿ ಸಮಾಧಾನ ನೆಲಸಲಿ" ಅಂತ ಬರೆದರೆ ಯಾರಿಗೂ ನೋವಿಲ್ಲ, ಯಾರ ಮನಸ್ಸೂ ಅದರಲ್ಲಿ ಇರುವುದಿಲ್ಲ. ಮೇಲಿನ ವಾಕ್ಯದಲ್ಲಿ "ದುಡ್ಡಿಗೆ ಬಾಗದೆ" ಎನ್ನುವುದು ಚುಚ್ಚುತ್ತದೆ, ಆದರೆ ಎಲ್ಲ ಪಕ್ಷದವರನ್ನೂ ಒಂದೇ ಸಮ ಚುಚ್ಚುತ್ತದೆ. ಬರೆದದ್ದನ್ನು ಪರೀಕ್ಷಿಸಲು ಎರಡು ದಾರಿ. ಚರ್ಚಿನಲ್ಲಿ ಮೂರು ಪಕ್ಷಗಳ ಮೂವರನ್ನು ನೆನಪು ಮಾಡಿಕೊಳ್ಳಿ, ಮೂವರೂ ಬಾಯಿಬಿಟ್ಟು ಉತ್ತರ ಹೇಳಿಯಾರಾ ನೋಡಿ. ಮತ್ತೆ, ಮತ ಎಣಿಕೆಯ ಮರುದಿನ, ಯಾರೇ ಗೆದ್ದಿರಲಿ, ಇದೇ ವಾಕ್ಯವನ್ನು ಪ್ರಾರ್ಥಿಸಲು ಆಗುತ್ತದಾ ಅಂತ ಕೇಳಿಕೊಳ್ಳಿ. "ಕಿತ್ತೊಗೆದು" ಎಣಿಕೆಯ ದಿನಕ್ಕೆ ಸತ್ತುಹೋಗುತ್ತದೆ. "ಹೆದರದೆ, ಹೆದರಿಸದೆ" ಐದು ವರ್ಷ ಬಾಳುತ್ತದೆ.

ಮಾದರಿ ಬೇಕಾದರೆ ಪವಿತ್ರ ಶುಕ್ರವಾರದ ಹತ್ತು ಮಹಾಪ್ರಾರ್ಥನೆಗಳನ್ನು ತೆರೆದು ನೋಡಿ. ಒಂಬತ್ತನೆಯದು ಅಧಿಕಾರದಲ್ಲಿರುವವರಿಗಾಗಿ. ಅದರಲ್ಲಿ ಹೊಗಳಿಕೆ ಇಲ್ಲ, ಬೈಗುಳ ಇಲ್ಲ, ಅವರ ಮನಸ್ಸನ್ನು ದೇವರು ನಡೆಸಲಿ ಎಂಬ ಬೇಡಿಕೆ ಉಂಟು. ಅದರ ಬೆನ್ನಿಗೇ ಬರುವ ಹತ್ತನೆಯದು ಸಂಕಟದಲ್ಲಿರುವವರಿಗಾಗಿ. ಅಧಿಕಾರದ ಪಕ್ಕದಲ್ಲೇ ಸಂಕಟವನ್ನು ಇಟ್ಟ ಆ ಕ್ರಮ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

---

ಕುಂಬಳೆ_ಅಡ್ಮಿನ್:

ಗುಂಪಿನ ಬಗ್ಗೆ. ಮೊದಲು ಕೇಸಿನ ಹೆದರಿಕೆ. ಸದಸ್ಯರು ಹಾಕಿದ ಪೋಸ್ಟಿಗೆ ಬರೀ ಅಡ್ಮಿನ್ ಆಗಿದ್ದ ಕಾರಣಕ್ಕೆ ಅಡ್ಮಿನ್ ಹೊಣೆಯಾಗುವುದಿಲ್ಲ ಅಂತ ಕೇರಳ ಹೈಕೋರ್ಟು 2022ರ ಫೆಬ್ರವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ ಅಡ್ಮಿನ್ ತಾನೇ ಅದನ್ನು ಮುಂದೆ ಕಳಿಸಿದರೆ ಅದು ಅವರ ಸ್ವಂತ ಕೃತ್ಯ. ಧರ್ಮ, ಭಾಷೆಯ ಹೆಸರಿನಲ್ಲಿ ದ್ವೇಷ ಹಬ್ಬಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 196ನೇ ಸೆಕ್ಷನ್ ಉಂಟು, ಮೂರು ವರ್ಷದವರೆಗೆ ಶಿಕ್ಷೆ. ಅದೇ ಅಪರಾಧ ಆರಾಧನಾ ಸ್ಥಳದಲ್ಲಿ ನಡೆದರೆ ಐದು ವರ್ಷದವರೆಗೆ.

ಈಗ ಕೆಲಸಕ್ಕೆ ಬನ್ನಿ. ಗುಂಪಿನ ಹೆಸರು ಒತ್ತಿ, ಗ್ರೂಪ್ ಪರ್ಮಿಶನ್ಸ್‌ಗೆ ಹೋಗಿ, ಸದಸ್ಯರು ಮೆಸೇಜ್ ಕಳಿಸುವ ಸ್ವಿಚ್ಚನ್ನು ಆಫ್ ಮಾಡಿದರೆ ಅಡ್ಮಿನ್‌ಗಳು ಮಾತ್ರ ಬರೆಯಬಹುದು. ಎಲ್ಲರೂ ಹೇಳುವುದು ಇದನ್ನೇ, ಮತ್ತು ಹಾಳಾಗುವುದೂ ಇಲ್ಲಿಂದಲೇ. ಒಬ್ಬರೇ ಅಡ್ಮಿನ್ ಇದ್ದು ಅವರು ಗಲ್ಫಿನಲ್ಲೋ ರಾತ್ರಿ ಪಾಳಿಯಲ್ಲೋ ಇದ್ದರೆ ಮರಣದ ಸುದ್ದಿ, ರಕ್ತದ ಅಗತ್ಯ ಯಾವುದೂ ಹೋಗುವುದಿಲ್ಲ. ಎರಡು ದಿನದಲ್ಲಿ ಯಾರೋ ಇನ್ನೊಂದು ಗುಂಪು ಕಟ್ಟುತ್ತಾರೆ, ಜಗಳ ಅಲ್ಲಿಗೆ ಮನೆ ಬದಲಾಯಿಸುತ್ತದೆ.

ಹಾಗಾಗಿ ಎರಡು ಗುಂಪು ಇರಲಿ. ಒಂದು "ಪ್ರಕಟಣೆ": ಪೂಜೆಯ ಸಮಯ, ಮರಣ, ರಕ್ತ, ಕೆಸಿಇಟಿ-ಕೀಮ್ ಪ್ರವೇಶ ಪರೀಕ್ಷೆಗಳ ಅರ್ಜಿಯ ಕೊನೆಯ ದಿನದಂಥ ವಿಷಯ, ಅಷ್ಟೇ. ಇಲ್ಲಿ ವಾರ್ಡಿಗೆ ಒಬ್ಬರಂತೆ ಅಡ್ಮಿನ್. ಮುಖ್ಯವಾಗಿ ಅಡ್ಮಿನ್‌ಗಳು ಒಂದೇ ಪಕ್ಷದ ಒಲವಿನವರಾಗಬಾರದು. ಇನ್ನೊಂದು "ಮಾತುಕತೆ", ಅದು ತೆರೆದಿರಲಿ, ಇಷ್ಟ ಇದ್ದವರು ಸೇರಲಿ. ಮರಣದ ಸುದ್ದಿ ಬಂದರೆ ಅದನ್ನು ಪಿನ್ ಮಾಡಿಡಿ.

ಮಾತುಕತೆಯ ಗುಂಪಿನಲ್ಲಿ ಒಂದೇ ನಿಯಮ: ಸ್ವಂತ ಮಾತು ಬರೆಯಬಹುದು, ಫಾರ್ವರ್ಡ್ ಹಾಕುವ ಹಾಗಿಲ್ಲ. ಇದು ತುಂಬಾ ಕೆಲಸ ಮಾಡುತ್ತದೆ, ಯಾಕೆಂದರೆ ಕೆಟ್ಟ ಮಾತನ್ನು ಬೇರೆಯವರ ಬಾಯಿಯಿಂದ ಆಡಿಸುವುದು ಸುಲಭ, ತಾನೇ ಟೈಪ್ ಮಾಡಿ ಹೆಸರು ಹಾಕಿ ನೆರೆಮನೆಯವರಿಗೆ ಕಳಿಸುವುದು ಕಷ್ಟ. ಎರಡು ಬಾಣದ ಗುರುತು ಇದ್ದರೆ ಅದು ಹಲವು ಕೈ ದಾಟಿ ಬಂದದ್ದು. ವಾಟ್ಸಾಪೇ ಅದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಲು ಬಿಡುವುದು. ಆದರೆ ಸ್ಕ್ರೀನ್‌ಶಾಟ್ ತೆಗೆದರೆ ಅಥವಾ ಬರಹವನ್ನು ಕಾಪಿ ಮಾಡಿ ಅಂಟಿಸಿದರೆ ಆ ಗುರುತು ಹೋಗುತ್ತದೆ. ಆದ್ದರಿಂದ ಗುರುತು ಇಲ್ಲ ಎಂಬ ಕಾರಣಕ್ಕೆ ಮೆಸೇಜನ್ನು ನಂಬಬೇಡಿ.

ನಮ್ಮ ಗಡಿಯಲ್ಲಿ ಮಾತ್ರ ಕಾಣುವ ಒಂದು ಮೋಸ ಉಂಟು. ಮಲಯಾಳದ ಭಾಷಣದ ತುಂಡಿಗೆ ಕನ್ನಡದಲ್ಲಿ ಬೇರೆಯೇ ಅರ್ಥ ಬರೆದು ಅಂಟಿಸಿರುತ್ತಾರೆ, ಕನ್ನಡದ ತುಂಡಿಗೆ ಮಲಯಾಳದಲ್ಲಿ ಹಾಗೆಯೇ. ಓದಿದವರಿಗೆ ಮೈಯೆಲ್ಲ ಉರಿಯುತ್ತದೆ, ಕೇಳಿ ಅರ್ಥ ಮಾಡಿಕೊಳ್ಳುವವರು ಆ ಗುಂಪಿನಲ್ಲಿ ಇರುವುದಿಲ್ಲ. ಇಂಥದ್ದು ಬಂದಾಗ ಆ ಭಾಷೆ ಚೆನ್ನಾಗಿ ಬಲ್ಲ ಒಬ್ಬರಿಂದ ಇಡೀ ತುಂಡನ್ನು ಕೇಳಿಸಿ. ಫೋಟೋ ಆದರೆ ಗೂಗಲ್ ಲೆನ್ಸಿಗೆ ಹಾಕಿ, ಎಷ್ಟು ವರ್ಷ ಹಳೆಯದು, ಯಾವ ಊರಿನದು ಅಂತ ಹೆಚ್ಚಿನ ಸಲ ಗೊತ್ತಾಗುತ್ತದೆ. ಸುಳ್ಳು ಸುದ್ದಿಯನ್ನು ಹಬ್ಬಿಸಬೇಡ ಅಂತ ವಿಮೋಚನಕಾಂಡ 23ನೇ ಅಧ್ಯಾಯದ ಮೊದಲ ವಚನವೇ ಹೇಳುತ್ತದೆ. ಹುಟ್ಟಿಸುವುದು ಮಾತ್ರ ತಪ್ಪು, ದಾಟಿಸುವುದು ತಪ್ಪಲ್ಲ ಅಂತ ಅಲ್ಲಿ ಇಲ್ಲ.

ತಪ್ಪು ಹಾಕಿದವರನ್ನು ಗುಂಪಿನಲ್ಲೇ ಬೈಯಬೇಡಿ. ಅಡ್ಮಿನ್ ಆದವರು ಮೆಸೇಜನ್ನು ಒತ್ತಿಹಿಡಿದು ಎಲ್ಲರಿಗೂ ಅಳಿಸಬಹುದು, ಸುಮಾರು ಎರಡು ದಿನದೊಳಗೆ ಮಾಡಬೇಕು. ಅಳಿಸಿದ ಕೂಡಲೇ ಅವರಿಗೆ ಫೋನ್ ಮಾಡಿ, ಮೆಸೇಜ್ ಬೇಡ. ಮತ್ತಾಯ 18:15 ಇದೇ ಕ್ರಮ: ಮೊದಲು ನೀನು, ಅವನು, ಇಬ್ಬರೇ.

---

ಪೆರ್ಲ_ಟೀಚರ್:

ವಾಚನಪೀಠದವರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಉಂಟು, ಒಂದು ಸೇರಿಸುವುದೂ ಉಂಟು. "ಎಲ್ಲ ಪಕ್ಷದವರೂ ಉತ್ತರ ಹೇಳಬೇಕು" ಎನ್ನುವ ಅಳತೆಯನ್ನೇ ಹಿಡಿದರೆ ಕ್ರಮೇಣ ನಾವು ಊರಿನ ಗಾಯಗಳ ಹೆಸರು ಹೇಳುವುದನ್ನೂ ಬಿಡುತ್ತೇವೆ ಅನ್ನುವ ಹೆದರಿಕೆ ನನಗೆ. ಪಕ್ಷದ ಹೆಸರು ಬೇಡ, ಸರಿ. ಗಾಯದ ಹೆಸರು ಬೇಕು.

ಎಣ್ಮಕಜೆ, ಪಡ್ರೆ, ಸ್ವರ್ಗ ಎಂಬ ಊರುಗಳ ಕಡೆ ಗೋಡಂಬಿ ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ. ಸುಪ್ರೀಂ ಕೋರ್ಟು 2011ರ ಮೇ ತಿಂಗಳಲ್ಲಿ ಅದನ್ನು ನಿಷೇಧಿಸಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಲು ಹೇಳಿತು. ಈ ಕಾಲದಲ್ಲಿ ಕೇರಳದಲ್ಲಿ ಎಡರಂಗ, ಐಕ್ಯರಂಗ ಎರಡೂ ಒಕ್ಕೂಟದ ಸರಕಾರಗಳು ಬಂದುಹೋಗಿವೆ. ಹಾಗಿರುವಾಗ "ಎಂಡೋಸಲ್ಫಾನ್ ಬಾಧಿತರಿಗಾಗಿ, ಅವರನ್ನು ಹಗಲುರಾತ್ರಿ ನೋಡಿಕೊಳ್ಳುತ್ತಾ ವಯಸ್ಸಾಗುತ್ತಿರುವ ತಾಯಂದಿರಿಗಾಗಿ. ನಾಡು ಅವರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲಿ ಎಂದು ಪ್ರಾರ್ಥಿಸೋಣ" ಅಂತ ಓದಿದರೆ ಅದು ಯಾರ ಪಕ್ಷ? ಪೂಜಾಗ್ರಂಥದ ಕ್ರಮದಲ್ಲಿ ಮೂರನೆಯದಾದ "ಕಷ್ಟದಲ್ಲಿರುವವರು" ಎನ್ನುವ ಜಾಗ ಇದಕ್ಕೇ ಇರುವುದು. ಅಲ್ಲಿ ಒಟ್ಟಾರೆ "ರೋಗಿಗಳಿಗಾಗಿ" ಅಂತ ಬರೆದು ದಾಟಬೇಡಿ.

ಅಭ್ಯರ್ಥಿಯ ಮೈಕಿನ ವಿಷಯ. ಕೊಡಬಾರದು. ಚುನಾವಣಾ ಆಯೋಗದ ಮಾದರಿ ನೀತಿಸಂಹಿತೆ ಮಸೀದಿ, ಚರ್ಚು, ದೇವಸ್ಥಾನಗಳನ್ನು ಪ್ರಚಾರದ ವೇದಿಕೆ ಮಾಡುವುದನ್ನು ತಡೆಯುತ್ತದೆ. ಅದು ಚುನಾವಣೆ ಕಾಲದ್ದು ಮಾತ್ರ. 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ ವರ್ಷವಿಡೀ ಅನ್ವಯ, ಮತ್ತು ಸಂಸ್ಥೆಗೆ ಸೇರಿದ ಯಾವುದೇ ಕಟ್ಟಡಕ್ಕೂ ಅನ್ವಯ. ಅಂದರೆ ಚರ್ಚಿನ ಸಭಾಂಗಣವನ್ನು ಪಕ್ಷದ ಸಭೆಗೆ ಬಾಡಿಗೆಗೆ ಕೊಡುವುದೂ ಅದರೊಳಗೆ ಬರುತ್ತದೆ. ಚರ್ಚಿನ ಶಾಲೆಯಲ್ಲಿ ಮತಗಟ್ಟೆ ಇಡುವುದು ಬೇರೆ ವಿಷಯ, ಅದು ಚುನಾವಣಾ ಅಧಿಕಾರಿಗಳ ಕೆಲಸ. ಧರ್ಮದ ಹೆಸರಿನಲ್ಲಿ ಮತ ಕೇಳುವುದು 1951ರ ಜನಪ್ರಾತಿನಿಧ್ಯ ಕಾಯ್ದೆಯ 123(3)ರ ಪ್ರಕಾರ ಚುನಾವಣೆಯ ಭ್ರಷ್ಟ ಆಚರಣೆ. ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರರ ಧರ್ಮದ ಹೆಸರಿನಲ್ಲಿ ಕೇಳಿದರೂ ಹಾಗೆಯೇ ಅಂತ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ 2017ರ ಜನವರಿ 2ರಂದು ಹೇಳಿದೆ. ನಿಮ್ಮ ಚರ್ಚಿನಲ್ಲಿ ಆಡಿದ "ಎರಡು ಮಾತು" ಆ ಅಭ್ಯರ್ಥಿಗೇ ಮುಳುವಾಗಬಹುದು ಅಂತ ವಿನಯದಿಂದ ತಿಳಿಸಿ, ಒಪ್ಪಿಕೊಳ್ಳುತ್ತಾರೆ.

ಅವರು ಬಂದು ಬೆಂಚಿನಲ್ಲಿ ಕೂತು ಪ್ರಾರ್ಥಿಸಲಿ, ಯಾರೂ ತಡೆಯುವುದು ಬೇಡ. ಹೆಸರು ಹಿಡಿದು ಸ್ವಾಗತ, ಶಾಲು, ಹೂ, ಪೀಠದ ಎದುರು ಫೋಟೋ, ಇವು ಬೇಡ. ಕರಪತ್ರ ಗೇಟಿನ ಹೊರಗೆ. ಇದನ್ನು ಪಾಲನಾ ಮಂಡಳಿ ಚುನಾವಣೆ ಘೋಷಣೆಗೆ ಮೊದಲೇ ಬರೆದು ನೋಟಿಸ್ ಬೋರ್ಡಿಗೆ ಹಾಕಿದರೆ ಆ ದಿನ ಬಾಗಿಲಲ್ಲಿ ನಿಲ್ಲುವವರಿಗೆ ಮುಜುಗರ ಇಲ್ಲ. ಯಾಕೆ ಇಷ್ಟು ಒತ್ತಡ ಬರುತ್ತದೆ ಅಂದರೆ, ಮಂಜೇಶ್ವರ ಕ್ಷೇತ್ರ 2016ರಲ್ಲಿ 89 ಮತಗಳ ಅಂತರದಲ್ಲಿ ತೀರ್ಮಾನವಾದದ್ದು, 2021ರಲ್ಲಿ 745. ಒಂದು ಸಣ್ಣ ಚರ್ಚು ಕೂಡ ಎಲ್ಲರ ಕಣ್ಣಿಗೆ ಬೀಳುತ್ತದೆ.

ಫಾದರ್ ಹೇಳಲಿ ಎಂದು ಕಾಯುವವರಿಗೆ ಒಂದು ಮಾತು. ಧರ್ಮಸಭೆಯ ಕಾನೂನು ಸಂಹಿತೆಯ 285 ಮತ್ತು 287ನೇ ವಿಧಿಗಳು ಧರ್ಮಗುರುಗಳನ್ನು ಸರಕಾರಿ ಅಧಿಕಾರದಿಂದ, ಪಕ್ಷಗಳ ಸಕ್ರಿಯ ಕೆಲಸದಿಂದ ದೂರ ಇಟ್ಟಿವೆ. ಶ್ರೀಸಾಮಾನ್ಯರಿಗೆ ಆ ತಡೆ ಇಲ್ಲ. ಪಕ್ಷ ಸೇರುವುದು, ಚುನಾವಣೆಗೆ ನಿಲ್ಲುವುದು ನಮ್ಮ ಕೆಲಸ, ನಮ್ಮ ತಲೆಯಿಂದ ಮಾಡಬೇಕಾದ ಕೆಲಸ.

ಆ ಕೆಲಸದ ನಿಜವಾದ ಜಾಗ ಗ್ರಾಮಸಭೆ. ಕೇರಳದಲ್ಲಿ ಮೂರು ತಿಂಗಳಿಗೊಮ್ಮೆ ಪಂಚಾಯತ್ ವಾರ್ಡಿನ ಗ್ರಾಮಸಭೆ ಸೇರಬೇಕು, ಹತ್ತನೇ ಒಂದು ಪಾಲು ಮತದಾರರು ಇರಬೇಕು. ಮನೆ, ನೀರು, ಸಹಾಯಧನದ ಫಲಾನುಭವಿಗಳ ಪಟ್ಟಿ ಅಲ್ಲಿ ಬರುತ್ತದೆ. ವಾಟ್ಸಾಪಿನಲ್ಲಿ ದೆಹಲಿಯ ಬಗ್ಗೆ ರಾತ್ರಿಯಿಡೀ ಬರೆಯುವ ನಾವು ಅಲ್ಲಿಗೆ ಹೋಗುವುದೇ ಇಲ್ಲ. ಮಲಯಾಳ ಬರುವುದಿಲ್ಲ ಅಂತ ಹಿಂಜರಿಯುವುದು ಬೇಡ. ಸಂವಿಧಾನದ 350ನೇ ವಿಧಿ ಪ್ರಕಾರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಕೊಡಬಹುದು. ಕನ್ನಡದಲ್ಲಿ ಬರೆದು ಎರಡು ಪ್ರತಿ ಒಯ್ಯಿರಿ, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಶೀದಿ ಇಟ್ಟುಕೊಳ್ಳಿ. ಏನಾಯಿತು ಅಂತ ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ, 10 ರೂಪಾಯಿ, 30 ದಿನ.

---

ಸಭೆಯ_ಹಿರಿಯ:

ನಾನು ಪ್ರೊಟೆಸ್ಟೆಂಟ್ ಸಭೆಯವನು. ನಮ್ಮಲ್ಲಿ ಬರೆದದ್ದಕ್ಕಿಂತ ಬಾಯಿಂದ ಬರುವ ಪ್ರಾರ್ಥನೆ ಹೆಚ್ಚು, ಆದ್ದರಿಂದ ಅಪಾಯವೂ ಹೆಚ್ಚು. ಕಣ್ಣು ಮುಚ್ಚಿ ನಿಂತವರು ಹತ್ತು ನಿಮಿಷದಲ್ಲಿ ಒಂದು ಭಾಷಣವನ್ನೇ ಮುಗಿಸಬಹುದು, ಮಧ್ಯದಲ್ಲಿ ತಡೆಯುವ ಹಾಗಿಲ್ಲ. ಪರಿಹಾರ ಸುಲಭ: ಪ್ರಾರ್ಥಿಸುವವರಿಗೆ ಶನಿವಾರವೇ ಎರಡು ವಿಷಯ ಚೀಟಿಯಲ್ಲಿ ಕೊಡಿ, ಎರಡು ನಿಮಿಷ ಅಂತ ಹೇಳಿ.

ಒಂದನೇ ತಿಮೊಥೆಯ 2ನೇ ಅಧ್ಯಾಯದಲ್ಲಿ ಅರಸರಿಗಾಗಿ ಪ್ರಾರ್ಥಿಸಿರಿ ಅಂತ ಬರೆದಾಗ ಆ ಅರಸರು ಕ್ರೈಸ್ತರಾಗಿರಲಿಲ್ಲ, ಮತ ಹಾಕಿ ಆರಿಸಿದವರೂ ಅಲ್ಲ. ಒಂದನೇ ಶತಮಾನದ ಕೊನೆಗೆ ರೋಮಿನ ಸಭೆಯಿಂದ ಕೊರಿಂಥಕ್ಕೆ ಹೋದ ಕ್ಲೆಮೆಂಟನ ಪತ್ರದಲ್ಲಿಯೂ ಅಧಿಕಾರಿಗಳಿಗಾಗಿ ಒಂದು ಪ್ರಾರ್ಥನೆ ಉಂಟು. ಅವರಿಗೆ ಆರೋಗ್ಯ, ಸಮಾಧಾನ ಕೊಡು ಅಂತ ಅದು ಬೇಡುತ್ತದೆ. ನಮಗೆ ಹಿಡಿಸದ ಪಕ್ಷದ ಮಂತ್ರಿಯ ಆರೋಗ್ಯಕ್ಕಾಗಿ ಹೆಸರು ಹಿಡಿದು ಮನೆಯ ಸಂಜೆ ಪ್ರಾರ್ಥನೆಯಲ್ಲಿ ಒಂದು ವಾರ ಬೇಡಿಕೊಂಡರೆ ಗುಂಪಿನಲ್ಲಿ ಅವರ ಬಗ್ಗೆ ಬರೆಯುವ ಭಾಷೆ ತಾನಾಗಿ ಇಳಿಯುತ್ತದೆ.

ಯೆರೆಮೀಯ 29:7 ನಮ್ಮ ಕಡೆ ತುಂಬಾ ಉದ್ಧರಿಸುತ್ತಾರೆ: ನೀವು ಸೇರಿದ ಪಟ್ಟಣದ ಕ್ಷೇಮ ಹುಡುಕಿರಿ, ಅದಕ್ಕಾಗಿ ಪ್ರಾರ್ಥಿಸಿರಿ. ಅದನ್ನು ಬಳಸುವಾಗ ಸ್ವಲ್ಪ ಜಾಗ್ರತೆ. ಯೆಹೂದ್ಯರು ಬಾಬಿಲೋನಿಗೆ ಸೆರೆಯಾಗಿ ಹೋದವರು. ನಾವು ಎಲ್ಲಿಗೂ ಹೋದವರಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಗಡಿ ನಮ್ಮ ಮನೆಯಂಗಳ ದಾಟಿ ಆಚೆ ಹೋಯಿತು. ನೆರೆಯ ಮಲಯಾಳಿಗಳನ್ನು ಬಾಬಿಲೋನಿನವರು ಅಂತ ಧ್ವನಿ ಬರುವ ಹಾಗೆ ಓದಿದರೆ ಅದು ವಚನಕ್ಕೂ ಅನ್ಯಾಯ, ನೆರೆಯವರಿಗೂ ಅನ್ಯಾಯ. ಕನ್ನಡ ಶಾಲೆಗೆ ಕನ್ನಡ ಬಾರದ ಮೇಸ್ಟ್ರು ಬಂದಾಗ ಅದನ್ನು ಎದುರಿಸಲೇಬೇಕು, ಟೀಚರ್ ಹೇಳಿದಂತೆ ಸೀಲು ಹಾಕಿಸಿದ ಅರ್ಜಿಯಿಂದ ಎದುರಿಸಬೇಕು. ಪ್ರಾರ್ಥನೆಯಲ್ಲಿ ಆ ಮಕ್ಕಳನ್ನು ನೆನೆಯಬೇಕು, ಆ ಮೇಸ್ಟ್ರನ್ನೂ ನೆನೆಯಬೇಕು. ನೇಮಕಾತಿ ಆದೇಶ ಅವರು ಬರೆದದ್ದಲ್ಲ.

---

ಗುರಿಕಾರ_ಮಂಜೇಶ್ವರ:

ಎಲ್ಲರಿಗೂ ತುಂಬಾ ಉಪಕಾರ. ಟೀಚರ್ ಹೇಳಿದ ಎಂಡೋಸಲ್ಫಾನ್ ಪ್ರಾರ್ಥನೆಯನ್ನು ಹಾಗೆಯೇ ತೆಗೆದುಕೊಳ್ಳುತ್ತೇವೆ. ಎರಡನೆಯದಕ್ಕೆ ವಾಚನಪೀಠದವರದ್ದು. ಕೊನೆಯ ಎರಡನ್ನು ನಾವೇ ಬರೆದದ್ದು, ತಿದ್ದಿಕೊಡಿ:

"ನಮ್ಮ ಕನ್ನಡ ಶಾಲೆಗಳಲ್ಲಿ ಕಲಿಯುವ ಮಕ್ಕಳಿಗಾಗಿ ಮತ್ತು ಅವರಿಗೆ ಕಲಿಸುವ ಎಲ್ಲ ಅಧ್ಯಾಪಕರಿಗಾಗಿ. ಮಕ್ಕಳು ತಮ್ಮ ಭಾಷೆಯಲ್ಲಿ ಅರ್ಥಮಾಡಿಕೊಂಡು ಬೆಳೆಯಲು ಬೇಕಾದ ಸೌಲಭ್ಯಗಳನ್ನು ಸಂಬಂಧಪಟ್ಟವರು ಒದಗಿಸಿಕೊಡುವಂತಾಗಲಿ ಎಂದು ಪ್ರಾರ್ಥಿಸೋಣ."

"ರಾಜಕೀಯ ಭಿನ್ನಾಭಿಪ್ರಾಯಗಳಿಂದ ಒಡೆದುಹೋಗಿರುವ ನಮ್ಮ ಸಮುದಾಯದ ಸದಸ್ಯರು ದ್ವೇಷವನ್ನು ತೊರೆದು ಒಗ್ಗಟ್ಟಿನಿಂದ ಬಾಳಲಿ ಎಂದು ಪ್ರಾರ್ಥಿಸೋಣ."

ಎಣಿಕೆಯ ನಂತರದ ಭಾನುವಾರ ಬೇರೆ ವಾರ್ಡಿನ ಸರದಿ. ಅವರಿಗೂ ಏನಾದರೂ ಹೇಳಿ.

---

ವಾಚನಪೀಠ:

ಶಾಲೆಯದ್ದು ಚೆನ್ನಾಗಿದೆ, ಕೊನೆಯ ಅರ್ಧ ಮಾತ್ರ ಸುತ್ತೋಲೆಯ ಭಾಷೆ. "ಸೌಲಭ್ಯ", "ಸಂಬಂಧಪಟ್ಟವರು", "ಒದಗಿಸಿಕೊಡುವಂತಾಗಲಿ" ಮೂರನ್ನೂ ತೆಗೆಯಿರಿ. "ಮಕ್ಕಳಿಗೆ ತಮ್ಮ ಭಾಷೆಯಲ್ಲಿ ಕಲಿಸುವವರು ಸಿಗಲಿ, ಕಲಿಸುವವರಿಗೆ ಮಕ್ಕಳ ಭಾಷೆ ಒಲಿಯಲಿ ಎಂದು ಪ್ರಾರ್ಥಿಸೋಣ." ಹಿರಿಯರು ಹೇಳಿದ ಮೇಸ್ಟ್ರೂ ಇದರಲ್ಲಿ ಬಂದರು.

ಕೊನೆಯದು ತೀರ್ಪಿನ ಹಾಗೆ ಉಂಟು. "ಒಡೆದುಹೋಗಿರುವ" ಅಂತ ಓದುವಾಗ ಎಲ್ಲರೂ ಪಕ್ಕದ ಬೆಂಚನ್ನು ನೋಡುತ್ತಾರೆ. "ದ್ವೇಷವನ್ನು ತೊರೆದು" ಅಂದಾಗ ಯಾರೂ ತನ್ನನ್ನು ನೆನೆಯುವುದಿಲ್ಲ, ಎದುರಿನವರನ್ನು ನೆನೆಯುತ್ತಾರೆ. ಪ್ರಾರ್ಥನೆಯಲ್ಲಿ "ಅವರು" ಎಂಬುದನ್ನು "ನಾವು" ಮಾಡಿ, ಕಣ್ಣಿಗೆ ಕಾಣುವ ಒಂದು ಕೆಲಸ ಇಡಿ: "ಇಲ್ಲಿ ಸೇರಿರುವ ನಮಗಾಗಿ. ಈ ವಾರ ಬೇರೆ ಬೇರೆ ಗುಂಡಿ ಒತ್ತುವ ನಾವು ಮುಂದಿನ ಭಾನುವಾರ ಇದೇ ಬೆಂಚಿನಲ್ಲಿ ಒಬ್ಬರಿಗೊಬ್ಬರು ಕೈ ಕುಲುಕಿ ಶಾಂತಿ ಕೋರುವಂತಾಗಲಿ ಎಂದು ಪ್ರಾರ್ಥಿಸೋಣ."

ಎಣಿಕೆಯ ನಂತರದ ವಾರಕ್ಕೆ ಗೆದ್ದವರನ್ನೂ ಸೋತವರನ್ನೂ ಒಂದೇ ವಾಕ್ಯದಲ್ಲಿ ಇಡಲಿ, ಹೆಸರು ಬೇಡ. ಗೆದ್ದವರಿಗಾಗಿ ಮಾತ್ರ ಪ್ರಾರ್ಥಿಸಿದರೆ ಅಭಿನಂದನೆ ಆಗುತ್ತದೆ. "ಆರಿಸಿಬಂದವರು ಮತ ಹಾಕದವರನ್ನೂ ತಮ್ಮವರೆಂದು ನೋಡಲಿ, ಸೋತವರು ಜನರ ಕೆಲಸವನ್ನು ಬಿಡದಿರಲಿ" ಸಾಕು. "ವಿಜಯಕ್ಕಾಗಿ ಕೃತಜ್ಞತೆ" ಅಂತ ಯಾರಾದರೂ ಚೀಟಿ ಕೊಟ್ಟರೆ ಅದು ಮನೆಯ ಪ್ರಾರ್ಥನೆಗೆ ಹೋಗಲಿ.

ಇನ್ನು ಕಾಗದ. ಕೈಬರಹ ಬೇಡ, ದೊಡ್ಡ ಅಕ್ಷರದಲ್ಲಿ, ಒಂದು ಪ್ರಾರ್ಥನೆಗೂ ಇನ್ನೊಂದಕ್ಕೂ ನಡುವೆ ಎರಡು ಬೆರಳು ಜಾಗ ಬಿಟ್ಟು ಪ್ರಿಂಟ್ ತೆಗೆಯಿರಿ. "ಯಾರಿಗಾಗಿ" ಮುಗಿದ ಕೂಡಲೇ ಸಾಲು ಮುರಿಯಿರಿ, ಓದುವವರು ಅಲ್ಲಿ ತಾವಾಗಿಯೇ ನಿಲ್ಲುತ್ತಾರೆ. ಶುಕ್ರವಾರ ಫಾದರ್‌ಗೆ ತೋರಿಸಿ, ಶನಿವಾರ ಸಂಜೆ ವಾಚಕರ ಕೈಗೆ ಕೊಟ್ಟು ವಾಚನಪೀಠದಲ್ಲೇ ಮೈಕ್ ಹಾಕಿ ಒಮ್ಮೆ ಓದಿಸಿ. ಓದುವವರು ಯಾವುದೇ ಪಕ್ಷದ ಬೂತ್ ಏಜೆಂಟ್ ಆಗಿದ್ದರೆ ಆ ವಾರ ಇನ್ನೊಬ್ಬರಿಗೆ ಬಿಟ್ಟುಕೊಡಲಿ.